ಕಿಟಕಿ ಪಕ್ಷ, ಪೆಂಗ್ವಿನ್ ಪಕ್ಷ, ನಡುವೆ ಮುರುಗೇಶಣ್ಣ

ನಾನು ನಿವೃತ್ತನಾದದ್ದು ಮೂವತ್ತೆರಡನೇ ವಯಸ್ಸಿಗೆ. ನಗಬೇಡಿ. ಪಿಂಚಣಿ ಇಲ್ಲ, ಶಾಲು ಇಲ್ಲ, ಹಣ್ಣಿನ ಬುಟ್ಟಿ ಇಲ್ಲ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನಾನು ಕೆಲಸಕ್ಕಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಯ ಯಜಮಾನರು ಬಸವರಾಜಪ್ಪನವರು. ಕೊನೆಯ ದಿನ ಅವರು ಎರಡು ಪ್ಲೇಟ್ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಒಂದು ನನಗೆ, ಒಂದು ಅವರಿಗೆ. ನನ್ನ ಪ್ಲೇಟಿನ ಮೆಣಸಿನಕಾಯಿಯನ್ನೂ ಮಾತಾಡುತ್ತಾ ಅವರೇ ತಿಂದುಬಿಟ್ಟರು. ಅಲ್ಲಿಗೆ ನನ್ನ ಸೇವಾವಧಿ ಮುಗಿಯಿತು.

ಈಗ ಮದುವೆ ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಮೊದಲೂ ಮಾಡುತ್ತಿದ್ದೆ, ಆಗ ಗಿರಾಕಿಗಳದ್ದು, ಅದೂ ಪುಕ್ಕಟೆ. ಡಿಪ್ಲೊಮಾ ಮುಗಿಸಿದ ಹುಡುಗರು ಆಗಾಗ ಸಿಕ್ಕಿ, 'ನಾಗಣ್ಣ, ಸರ್ವಿಸ್ ಲೈನ್ ಹೆಂಗೆ?' ಎಂದು ಕೇಳುತ್ತಾರೆ. ಕರೆಂಟ್ ಹೊಡೆಯುತ್ತದಾ, ಗಿರಾಕಿ ಬೈಯುತ್ತಾನಾ ಎಂಬುದು ಅವರ ಭಯ. ಕರೆಂಟ್ ನನಗೂ ಹೊಡೆದಿದೆ. ಒಂದು ಸಲ ಹೊಡೆದು ಬಿಟ್ಟುಬಿಡುತ್ತದೆ, ಪಾಪ, ಒಳ್ಳೆಯದು. ಗಿರಾಕಿ ಬೈದರೆ ಅಂದು ಸಂಜೆ ಅವನ ದನಿಯಲ್ಲೇ ಅಂಗಡಿಯವರನ್ನೆಲ್ಲ ನಗಿಸಬಹುದು. ನಾನು ಹೆದರಿದ್ದು ಇವೆರಡಕ್ಕೂ ಅಲ್ಲ. ಪಕ್ಷ ಕಟ್ಟಿಕೊಂಡ ಕಂಪ್ಯೂಟರ್ ಭಕ್ತರಿಗೆ. ಅವರ ಜಗಳದಲ್ಲಿ ಒಬ್ಬ ಮನುಷ್ಯ ಹಾಡುಹಗಲಲ್ಲಿ ಭಟ್ಟಿಯೊಳಗೆ ಬೇಯುವುದರಲ್ಲಿದ್ದ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ, ಆದರೆ ನೇರ ಅಲ್ಲಿಗೆ ಹೋಗಲು ಈಗಲೂ ಧೈರ್ಯ ಸಾಲದು. ಸ್ವಲ್ಪ ಸುತ್ತಿ ಬರುತ್ತೇನೆ.

ಹೊಸಬರಿಗೆ ಮೊದಲು ಪಕ್ಷಗಳ ಪರಿಚಯ ಆಗಲಿ. ಕಂಪ್ಯೂಟರ್ ಎಂಬ ಡಬ್ಬವನ್ನು ನಡೆಸಲು ಒಂದು ವ್ಯವಸ್ಥೆ ಬೇಕು. ವಿಂಡೋಸ್ ಹಾಕಿಕೊಂಡವರು ನನ್ನ ಲೆಕ್ಕದಲ್ಲಿ ಕಿಟಕಿ ಪಕ್ಷ. ಊರಲ್ಲಿ ಇವರೇ ಬಹುಮತ, ಆದ್ದರಿಂದ ದೂರುವುದೂ ಇವರೇ ಹೆಚ್ಚು. ಲಿನಕ್ಸ್ ಹಾಕಿಕೊಂಡವರು, ಅದರ ಗುರುತಿನ ಹಕ್ಕಿಯ ಲೆಕ್ಕದಲ್ಲಿ, ಪೆಂಗ್ವಿನ್ ಪಕ್ಷ. ಇವರ ಸಂಖ್ಯೆ ಕಡಿಮೆ, ಭಾಷಣ ಜಾಸ್ತಿ. ಮೂರನೆಯವರು, ಕಚ್ಚಿದ ಸೇಬಿನ ಗುರುತಿನ ಯಂತ್ರ ಕೊಂಡವರು, ಹಣ್ಣಿನ ಪಕ್ಷ. ಇವರು ಯಾರ ಹತ್ತಿರವೂ ಜಗಳ ಆಡುವುದಿಲ್ಲ, ಯಾಕೆಂದರೆ ಮಾತೇ ಆಡುವುದಿಲ್ಲ. ಬಸವರಾಜಪ್ಪನವರಿಗೆ ಪಕ್ಷವಿರಲಿಲ್ಲ. ಗಿರಾಕಿ ಯಾವ ದೇವರಿಗೆ ಕೈ ಮುಗಿಯುತ್ತಾನೋ ಅದೇ ದೇವರಿಗೆ ನಾವೂ ಹೂವು ಏರಿಸಬೇಕು, ಆಮೇಲೆ ಬಿಲ್ ಏರಿಸಬೇಕು ಎನ್ನುತ್ತಿದ್ದರು. ನಾನು ಅದನ್ನೇ ಪಾಲಿಸಿದೆ. ಕಿಟಕಿಯವರ ಮುಂದೆ ಪೆಂಗ್ವಿನ್‌ನವರ ಮಿಮಿಕ್ರಿ, ಪೆಂಗ್ವಿನ್‌ನವರ ಮುಂದೆ ಕಿಟಕಿಯವರದು. ಎರಡೂ ಕಡೆ ಚಹಾ ಸಿಗುತ್ತಿತ್ತು. ಎರಡೂ ಕಡೆಯವರು ನನ್ನನ್ನು ತಮ್ಮವನೇ ಎಂದುಕೊಂಡಿದ್ದರು.

ದುರ್ಗಿಗುಡಿಯಲ್ಲಿ ಒಬ್ಬ ಮದುವೆ ಫೋಟೋಗ್ರಾಫರ್ ಇದ್ದ, ಹಣ್ಣಿನ ಪಕ್ಷದವನು. ಒಂದು ದಿನ ತನ್ನ ಯಂತ್ರವನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ. ಆನ್ ಆಗುತ್ತಿಲ್ಲ, ಒಳಗೆ ಒಬ್ಬರ ಮದುವೆ ಪೂರ್ತಿ ಇದೆ. ನಮ್ಮ ಮೇಜಿನ ಮೇಲೆ ಆಗಲೇ ಕಿಟಕಿ ಪಕ್ಷದ ಎರಡು ಡಬ್ಬಗಳಿದ್ದವು. ಅವುಗಳ ಪಕ್ಕ ತನ್ನದನ್ನು ಇಡಲು ಒಪ್ಪಲಿಲ್ಲ. ಬೇರೆ ಮೇಜು ಒರೆಸಿ ಕೊಟ್ಟೆವು. ನನ್ನ ಕೈ ತೊಳೆಸಿದ. ಆಮೇಲೆ ನನ್ನ ಕುತ್ತಿಗೆಯ ಮೇಲೆ ಉಸಿರು ಬಿಡುತ್ತಾ ನಿಂತ. ಒಂದೊಂದು ಸ್ಕ್ರೂ ಬಿಚ್ಚುವಾಗಲೂ ದೇವರನ್ನು ನೆನೆಯುತ್ತಿದ್ದೆ: ಮದುವೆ ಮತ್ತೆ ಮಾಡಿಸಲು ಬರುವುದಿಲ್ಲವಲ್ಲ. ತೊಂದರೆ ಇದ್ದದ್ದು ಅವನ ಚಾರ್ಜರಿನಲ್ಲಿ. ಸಂಜೆ ಬಸವರಾಜಪ್ಪನವರಿಗೆ ಅವನ ಉಸಿರಿನ ಮಿಮಿಕ್ರಿ ಮಾಡಿ ತೋರಿಸಿದೆ. ಮಾತೇ ಇಲ್ಲದ ಮಿಮಿಕ್ರಿ ನಾನು ಮಾಡಿದ್ದು ಅದೊಂದೇ.

ಅದು ತಮಾಷೆಯ ಭಯ. ಶಂಕರಘಟ್ಟದಲ್ಲಿ ಕಂಡದ್ದು ಬೇರೆ ಥರದ್ದು.

ವಿಶ್ವವಿದ್ಯಾಲಯದ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದ ಇಬ್ಬರು ಹುಡುಗರು, ಒಂದೇ ತಟ್ಟೆಯಲ್ಲಿ ಉಂಡವರು. ಒಬ್ಬ ಕಿಟಕಿ, ಒಬ್ಬ ಪೆಂಗ್ವಿನ್. ದಿನಾ ವಾದ. ಕೊನೆಗೆ ಪೆಂಗ್ವಿನ್‌ನವನು, ಗೆಳೆಯ ಊರಿಗೆ ಹೋಗಿದ್ದಾಗ ಅವನ ಲ್ಯಾಪ್‌ಟಾಪಿನಲ್ಲಿದ್ದ ಕಿಟಕಿಯನ್ನು ಪೂರ್ತಿ ಅಳಿಸಿ ತನ್ನ ವ್ಯವಸ್ಥೆ ಹಾಕಿಟ್ಟಿದ್ದ. ಜೊತೆಗೆ ಅವನ ಪ್ರಾಜೆಕ್ಟ್ ವರದಿಯೂ ಅಳಿದಿತ್ತು. ನಾನು ಹೋದಾಗ ಕಳೆದುಕೊಂಡವನು ಮಂಚದ ಮೇಲೆ ಸುಮ್ಮನೆ ಕೂತಿದ್ದ. ಅಳಿಸಿದವನು ನನಗೆ ಚಹಾ ತಂದುಕೊಟ್ಟು, 'ಒಳ್ಳೇದೇ ಮಾಡಿದ್ದು ಅಣ್ಣ, ಇವತ್ತಲ್ಲ ನಾಳೆ ಅವನೇ ಥ್ಯಾಂಕ್ಸ್ ಹೇಳ್ತಾನೆ,' ಅಂದ. ಕಳ್ಳನ ಮುಖದಲ್ಲಿ ಅಳುಕಿರುತ್ತದೆ. ಇವನ ಮುಖದಲ್ಲಿ ಗಂಧ ಹಚ್ಚಿಕೊಂಡವನ ಕಳೆ ಇತ್ತು. ವರದಿಯ ಅರ್ಧ ಸಿಕ್ಕಿತು, ಅರ್ಧ ಸಿಗಲಿಲ್ಲ. ಬಸ್ಸಿನಲ್ಲಿ ಬರುವಾಗ ಇವನ ದನಿಯನ್ನು ಬಾಯಲ್ಲಿ ಹೊರಳಿಸಿ ನೋಡಿದೆ. ಸಲೀಸಾಗಿ ಬಂತು. ಅದು ಬಂದದ್ದಕ್ಕೇ ಒಂದು ಥರ ಮೈ ಜುಂ ಎಂದಿತು.

ಇನ್ನು ಸುತ್ತಲು ಜಾಗವಿಲ್ಲ. ಭಟ್ಟಿಗೆ ಬರುತ್ತೇನೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾರ್ಖಾನೆ. ಹೆಸರು ಬೇಡ. ಕಬ್ಬಿಣದ ಮಂಚ, ಕಪಾಟು ಮಾಡುತ್ತಾರೆ. ಅಲ್ಲಿ ಬಣ್ಣವನ್ನು ಬ್ರಷ್ಷಿನಲ್ಲಿ ಬಳಿಯುವುದಿಲ್ಲ. ಬಣ್ಣದ ಪುಡಿಯನ್ನು ಕಬ್ಬಿಣಕ್ಕೆ ಎರಚಿ, ಒಂದು ಕೋಣೆಯಷ್ಟು ದೊಡ್ಡ ಭಟ್ಟಿಯೊಳಗೆ ತೂಗುಹಾಕಿ, ಬಾಗಿಲು ಮುಚ್ಚಿ ಕರೆಂಟಿನ ಕಾವಿನಲ್ಲಿ ಬೇಯಿಸುತ್ತಾರೆ. ಬೇಯಿಸುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಭಟ್ಟಿ ತಣ್ಣಗಿರುತ್ತದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮುರುಗೇಶಣ್ಣ ಒಳಗೆ ಹೋಗಿ, ಉದುರಿದ ಪುಡಿಯನ್ನು ಗುಡಿಸಿ, ಕಂಬಿಗಳನ್ನು ಕೆರೆದು ಬರುತ್ತಿದ್ದ. ಪುಡಿ ಶೆಡ್ಡಿಗೆಲ್ಲ ಹಾರಬಾರದೆಂದು ಬಾಗಿಲು ಎಳೆದುಕೊಳ್ಳುತ್ತಿದ್ದ. ಭದ್ರಾವತಿಯ ತಮಿಳು ಮನೆಯವನು. ಅಪ್ಪನೂ ಭಟ್ಟಿ ಕೆಲಸ, ತಾತನೂ ಭಟ್ಟಿ ಕೆಲಸ. ನನ್ನನ್ನು 'ತಂಬಿ' ಎನ್ನುತ್ತಿದ್ದ. ಅವನ ಮಿಮಿಕ್ರಿ ಅವನ ಮುಂದೆಯೇ ಮಾಡಿದರೆ ತಪ್ಪು ತಿದ್ದುತ್ತಿದ್ದ: ಇಲ್ಲಿ ಸ್ವಲ್ಪ ಎಳೀಬೇಕು ತಂಬಿ, ಇಲ್ಲಿ ಕೆಮ್ಮಬೇಕು.

ಕಾರ್ಖಾನೆಯ ಆಫೀಸ್ ಕೋಣೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಕೂರುವವರು ಇಬ್ಬರು. ಬೆಳಗ್ಗೆ ಸದಾಶಿವ ಸಾರ್. ಕೋಟೆ ಕಡೆಯವರು, ವಿಭೂತಿ ಹಚ್ಚಿಕೊಂಡು ಸ್ಕೂಟರಿನಲ್ಲಿ ಬಂದು ಮಾಲು ಕಳಿಸುವ ಬಿಲ್ ಮಾಡುತ್ತಿದ್ದರು. ಅಪ್ಪಟ ಕಿಟಕಿ. ಮಧ್ಯಾಹ್ನದ ಮೇಲೆ ಗಿರೀಶ್ ಸಾರ್. ಭದ್ರಾವತಿಯವರು, ಶಂಕರಘಟ್ಟದಲ್ಲಿ ಓದಿದವರು, ಯಂತ್ರಗಳ ಉಸ್ತುವಾರಿ. ಅಪ್ಪಟ ಪೆಂಗ್ವಿನ್. ಭಟ್ಟಿಯನ್ನು ಸಂಜೆ ತಾನಾಗಿ ಹೊತ್ತಿಸುವ ಪ್ರೋಗ್ರಾಂ ಬರೆದವರು ಅವರೇ. ಅಪ್ಪಣೆ ಕಂಪ್ಯೂಟರಿನಿಂದ ಗೋಡೆಯ ಸ್ವಿಚ್ಚಿನ ಪೆಟ್ಟಿಗೆಗೆ, ಅಲ್ಲಿಂದ ಭಟ್ಟಿಗೆ ಹೋಗುತ್ತಿತ್ತು; ಕಂಪ್ಯೂಟರ್ ಆರಿದರೆ ಭಟ್ಟಿಯೂ ಆರುತ್ತಿತ್ತು. ಎರಡು ಕಂಪ್ಯೂಟರ್ ಕೊಡಿಸಿ ಎಂದರೆ ಮಾಲೀಕರು, ಒಂದೇ ಮನೆಯಲ್ಲಿ ಇಬ್ಬರು ಸೊಸೆಯಂದಿರು ಇರುವುದಿಲ್ಲವೇ ಎಂದರು. ಹಾಗಾಗಿ ಒಂದೇ ಡಬ್ಬದಲ್ಲಿ ಎರಡೂ ವ್ಯವಸ್ಥೆ. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುತ್ತದೆ. ತಮ್ಮದನ್ನು ಆರಿಸಿಕೊಂಡು ಕೂರಬೇಕು.

ಇಬ್ಬರಿಗೂ ಮಾತಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ನನ್ನ ಮೂಲಕ. ಭಟ್ಟಿಯ ಬಾಗಿಲು ಸರಿಯಾಗಿ ಮುಚ್ಚದೆ ಕಾವು ಸೋರುತ್ತದಂತೆ, ಪೆಂಗ್ವಿನ್‌ಗೆ ಬಾಗಿಲು ಹಾಕಲೂ ಬರುವುದಿಲ್ಲವೇ ಎಂದು ಸದಾಶಿವ ಸಾರ್ ಒಮ್ಮೆ ಕೆಣಕಿದರು. ಗಿರೀಶ್ ಸಾರ್‌ಗೆ ರೋಷ ಬಂತು. ಬಾಗಿಲಿಗೆ ಒಂದು ದೊಡ್ಡ ಕರೆಂಟಿನ ಮ್ಯಾಗ್ನೆಟ್ ಕೂರಿಸಿ, ಅದನ್ನೂ ಪ್ರೋಗ್ರಾಮಿಗೆ ಸೇರಿಸಿದರು. ಆರು ಹೊಡೆದೊಡನೆ ಬಾಗಿಲು ಗಪ್ಪನೆ ಹಿಡಿದುಕೊಳ್ಳುತ್ತದೆ, ಆಮೇಲೆ ಫ್ಯಾನು, ಹೀಟರು. ಬೇಯುವುದು ಮುಗಿಯುವತನಕ ಯಾರು ಎಳೆದರೂ ಬಿಡುವುದಿಲ್ಲ. ಕಿಟಕಿಯವರ ಕೈಲಿ ಇದು ಆಗುತ್ತದಾ ಎಂದು ಕೇಳಿಕೊಂಡು ಬರಲು ನನ್ನನ್ನೇ ಕಳಿಸಿದರು. ನಾನು ಅವರ ದನಿಯಲ್ಲೇ ಹೋಗಿ ಕೇಳಿದೆ. ಆ ದಿನ ಎಲ್ಲರೂ ನಕ್ಕೆವು. ಮುರುಗೇಶಣ್ಣನೂ ನಕ್ಕ.

ಇನ್ನು ಗಡಿಯಾರದ ಸಂಗತಿ. ಈ ಲೈನಿಗೆ ಬರುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಸಣ್ಣ ಗಡಿಯಾರ ಇರುತ್ತದೆ, ಕರೆಂಟ್ ಇಲ್ಲದಾಗಲೂ ಓಡುತ್ತದೆ. ಕಿಟಕಿ ಅದರಲ್ಲಿ ನಮ್ಮ ಊರಿನ ಸಮಯವನ್ನೇ ಬರೆದಿಡುತ್ತದೆ. ಪೆಂಗ್ವಿನ್ ಅದರಲ್ಲಿ ಇರುವುದು ಲಂಡನ್ ಕಡೆಯ ಸಮಯ ಎಂದುಕೊಂಡು, ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಎರಡರದ್ದೂ ತಪ್ಪಲ್ಲ, ಬೇರೆ ಬೇರೆ ಪದ್ಧತಿ, ಅಷ್ಟೆ. ಆದರೆ ಒಂದೇ ಡಬ್ಬದಲ್ಲಿ ಎರಡನ್ನೂ ಕೂರಿಸಿದರೆ, ಒಬ್ಬರು ಸಮಯ ಸರಿ ಮಾಡಿ ಎದ್ದರೆ ಇನ್ನೊಬ್ಬರಿಗೆ ಅದು ಕೆಟ್ಟಿರುತ್ತದೆ. ಇಂಟರ್ನೆಟ್ ಇದ್ದಿದ್ದರೆ ತಾನಾಗಿ ಸರಿಹೋಗುತ್ತಿತ್ತು. ಕಿಟಕಿಗೆ ವೈರಸ್ ಬರುತ್ತದೆ ಎಂದು ಗಿರೀಶ್ ಸಾರ್ ಆ ವಯರನ್ನು ಕಿತ್ತು ಸುತ್ತಿಟ್ಟಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಲ್ಲಿದ್ದ ಯಾರಿಗೂ ಆಗ ಗೊತ್ತಿರಲಿಲ್ಲ.

ಆದ್ದರಿಂದ ಆ ಕೋಣೆಯಲ್ಲಿ ಒಂದು ನಿತ್ಯಪೂಜೆ ನಡೆಯುತ್ತಿತ್ತು. ಬೆಳಗ್ಗೆ ಸದಾಶಿವ ಸಾರ್ ಬಂದು ಕೂತು, ಪರದೆಯ ಮೂಲೆಯ ಗಡಿಯಾರ ನೋಡಿ, ಪೆಂಗ್ವಿನ್‌ನವರ ವಂಶವನ್ನು ಬೈದು ಸಮಯ ಸರಿ ಮಾಡುವರು. ಮಧ್ಯಾಹ್ನ ಗಿರೀಶ್ ಸಾರ್ ಬಂದು ಕಿಟಕಿಯವರ ವಂಶವನ್ನು ಬೈದು ಸರಿ ಮಾಡುವರು. ತನ್ನ ಕೆಲಸ ಕೆಡಿಸಲು ಅವನು ಬೇಕೆಂದೇ ಮಾಡುತ್ತಿದ್ದಾನೆ ಎಂದು ಇಬ್ಬರದೂ ಖಚಿತ ನಂಬಿಕೆ. ಆ ಬೈಗುಳ ಇರುವತನಕ ಅಪಾಯವಿರಲಿಲ್ಲ, ಈಗ ಯೋಚಿಸಿದರೆ. ಬೈದಾದರೂ ಸರಿ, ದಿನಾ ಗಡಿಯಾರ ಸರಿಹೋಗುತ್ತಿತ್ತಲ್ಲ.

ಆ ದಿನ ನಾನು ಪ್ರಿಂಟರ್ ರಿಪೇರಿಗೆ ಹೋಗಿದ್ದೆ. ನೆಲದ ಮೇಲೆ ಪ್ರಿಂಟರ್ ಬಿಚ್ಚಿ ಹರಡಿಕೊಂಡು ಕೂತಿದ್ದೆ. ದೊಡ್ಡ ಆರ್ಡರ್ ಇದೆಯೆಂದು ಗಿರೀಶ್ ಸಾರ್ ಬೇಗ ಬಂದರು. ಸದಾಶಿವ ಸಾರ್ ಇನ್ನೂ ಟಿಫಿನ್ ಡಬ್ಬಿ ಮುಚ್ಚುತ್ತಿದ್ದರು. ಊಟದ ಗಂಟೆ ಆಗಷ್ಟೇ ಹೊಡೆದಿತ್ತು. ಗಿರೀಶ್ ಸಾರ್ ಕಂಪ್ಯೂಟರನ್ನು ಆಫ್ ಮಾಡಿ ತಮ್ಮ ಪಕ್ಷಕ್ಕೆ ಆನ್ ಮಾಡಿದರು. ಹೊರಗೆ ನಡುಮಧ್ಯಾಹ್ನ, ಪರದೆಯ ಮೂಲೆಯಲ್ಲಿ ಸಂಜೆ ಐದೂವರೆ ದಾಟಿದೆ. ಅವರು ಬಾಯಲ್ಲೇ ಏನೋ ಗೊಣಗಿ ಮೌಸ್ ಹಿಡಿದರು. ಅಷ್ಟರಲ್ಲಿ ಸದಾಶಿವ ಸಾರ್ ಮೇಜಿನ ಮೇಲೆ ಕೈ ಇಟ್ಟರು. ಅವರಿಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

'ಮುಟ್ಬೇಡಿ. ಹಂಗೇ ಇರ್ಲಿ.'

'ಟೈಮ್ ಸರಿ ಮಾಡೋದು ಬೇಡ್ವಾ?'

'ದಿನಾ ನೀವು ಕೆಡ್ಸೋದು, ನಾನು ಸರಿ ಮಾಡೋದು. ಇವತ್ತು ಮಾಲೀಕ್ರು ಬಂದು ಕಣ್ಣಾರೆ ನೋಡ್ಲಿ.'

'ನಾನು ಕೆಡ್ಸೋದಾ? ಬೆಳಗ್ಗೆಯಿಂದ ಇದರ ಮುಂದೆ ಕೂತಿದ್ದು ಯಾರು ಸಾರ್? ನೋಡ್ಲಿ ಬಿಡಿ. ನಾನೂ ಮುಟ್ಟಲ್ಲ.'

ಮಾಲೀಕರಿಗೆ ಫೋನ್ ಹೋಯಿತು. ಮಲವಗೊಪ್ಪದ ಹತ್ತಿರ ಇದ್ದೇನೆ, ಬಂದೆ ಎಂದರು. ಇಬ್ಬರೂ ಎರಡು ಕುರ್ಚಿ ಎಳೆದುಕೊಂಡು, ಪರದೆಯ ಎರಡು ಬದಿಗೆ ಕೈಕಟ್ಟಿ ಕೂತರು, ಆ ತಪ್ಪು ಗಡಿಯಾರವನ್ನು ಕಾಯುತ್ತಾ. ಇಷ್ಟು ವರ್ಷದಲ್ಲಿ ಅವರಿಬ್ಬರು ಒಪ್ಪಿದ್ದು ಅದೊಂದೇ ವಿಷಯಕ್ಕೆ: ಅದನ್ನು ಯಾರೂ ಸರಿ ಮಾಡಬಾರದು. ಪರದೆ ತಾನಾಗಿ ಕಪ್ಪಾಗಿ ಬೀಗ ಹಾಕಿಕೊಂಡಿತು. ಆ ಬೀಗದ ಪರದೆಯ ಮೇಲೂ ದೊಡ್ಡ ಅಕ್ಷರದಲ್ಲಿ ಗಡಿಯಾರ ಓಡುತ್ತಿತ್ತು. ನಾನು ವಾತಾವರಣ ತಿಳಿಯಾಗಲೆಂದು ಮಾಲೀಕರು ಕೆಮ್ಮುತ್ತಾ ಒಳಗೆ ಬರುವುದನ್ನು ಮಾಡಿ ತೋರಿಸಿದೆ. ಯಾರೂ ನಗಲಿಲ್ಲ.

ಕಿಟಕಿಯಾಚೆ, ನಿಜವಾದ ಕಿಟಕಿಯಾಚೆ, ಮುರುಗೇಶಣ್ಣ ತಲೆಗೆ ಬಟ್ಟೆ ಸುತ್ತಿಕೊಂಡು ಪೊರಕೆ ಹಿಡಿದು ಹೋದ. 'ಊಟ ಆಯ್ತಾ ತಂಬಿ?' ಎಂದು ಕೇಳಿದ. ಇನ್ನೂ ಇಲ್ಲ ಅಂದೆ. ಅವನು ಭಟ್ಟಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಎಂದಿನಂತೆ ಬಾಗಿಲು ಎಳೆದುಕೊಂಡ. ನಾವು ಮೂವರೂ ನೋಡಿದೆವು. ಮೂವರ ಕಣ್ಣ ಮುಂದೆಯೇ ಗಡಿಯಾರವೂ ಓಡುತ್ತಿತ್ತು. ತಪ್ಪು ಗಡಿಯಾರ ಎಂದು ಗೊತ್ತಿದ್ದರಿಂದ ಅದರಲ್ಲಿ ಎಷ್ಟಾಗಿದೆ ಎಂದು ಯಾರೂ ಲೆಕ್ಕ ಹಾಕಲಿಲ್ಲ. ತಪ್ಪು ಗಡಿಯಾರವನ್ನು ಮನುಷ್ಯರು ನಂಬುವುದಿಲ್ಲ. ಭಟ್ಟಿ ನಂಬುತ್ತದೆ.

ಗೋಡೆಯ ಮೇಲಿನ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಟಕ್ ಎಂದಿತು. ಆಮೇಲೆ ಇನ್ನೊಂದು ಟಕ್. ಶೆಡ್ಡಿನಲ್ಲಿ ಫ್ಯಾನು ಮೊರೆಯಲು ಶುರುವಾಯಿತು.

ಗಿರೀಶ್ ಸಾರ್ ಕುರ್ಚಿಯಿಂದ ಎದ್ದರು. 'ಆರಾಯ್ತು,' ಅಂದರು, ತಮ್ಮಷ್ಟಕ್ಕೆ.

ನಾನು ಓಡಿದೆ. ಭಟ್ಟಿಯ ಬಾಗಿಲ ಮುಂದೆ ಚಪ್ಪಲಿ ಇದ್ದವು, ಒಂದು ಮಗುಚಿಕೊಂಡಿತ್ತು. ಹಿಡಿ ಹಿಡಿದು ಎಳೆದೆ. ಕಾಲನ್ನು ಗೋಡೆಗೆ ಒತ್ತಿ ಎಳೆದೆ. ಮ್ಯಾಗ್ನೆಟ್ ಕೂದಲೆಳೆಯಷ್ಟೂ ಬಿಡಲಿಲ್ಲ. ಒಳಗಿನಿಂದ ಬಾಗಿಲಿಗೆ ದಬ ದಬ ಎಂದು ಹೊಡೆಯುವುದು ಕೇಳುತ್ತಿತ್ತು, ಮೊದಲು ನಿಧಾನವಾಗಿ, ಯಾರೋ ತಮಾಷೆಗೆ ಹಾಕಿಕೊಂಡಿದ್ದಾರೆ ಎಂಬಂತೆ. ಆಮೇಲೆ ಜೋರಾಗಿ. ನಾನು ಕೂಗಬೇಕೆಂದು ಬಾಯಿ ತೆರೆದೆ. ಊರಿನವರ ದನಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ತಿರುಗುವವನಿಗೆ ಆ ಹೊತ್ತಿನಲ್ಲಿ ನನ್ನದೇ ದನಿಯೂ ಬರಲಿಲ್ಲ. ಕಬ್ಬಿಣದ ಬಾಗಿಲು ಅಂಗೈಗೆ ಬೆಚ್ಚಗಾಗುತ್ತಿತ್ತು.

ಮೇನ್ ಸ್ವಿಚ್ ಇದ್ದ ಕೋಣೆಗೆ ಬೀಗ. ಕೀಲಿ ಎಲೆಕ್ಟ್ರಿಷಿಯನ್ ಜೇಬಿನಲ್ಲಿ. ಅವನು ಕಡದಕಟ್ಟೆಯ ಮನೆಗೆ ಊಟಕ್ಕೆ ಹೋಗಿದ್ದ. ವಾಪಸ್ ಆಫೀಸಿಗೆ ಓಡಿ ಬಂದೆ. ಗಿರೀಶ್ ಸಾರ್ ಬೀಗದ ಪರದೆಯಲ್ಲಿ ಪಾಸ್‌ವರ್ಡ್ ಒತ್ತುತ್ತಿದ್ದರು. ಕಿಟಕಿಯವರು ಜನ್ಮದಲ್ಲಿ ಊಹಿಸಲಾರರು ಎಂದು ಅಷ್ಟುದ್ದದ್ದು ಇಟ್ಟಿದ್ದರು. ಅವಸರದಲ್ಲಿ ಒಂದಕ್ಕೆ ಇನ್ನೊಂದು ಅಕ್ಷರ ಬೀಳುತ್ತಿತ್ತು, ತಪ್ಪು ಎಂದು ಪರದೆ ಅಲುಗುತ್ತಿತ್ತು, ಮತ್ತೆ ಮೊದಲಿನಿಂದ. ನಾನು ಬಾಗಿಲಲ್ಲಿ ನಿಂತು ಕೈಯಲ್ಲಿ ಭಟ್ಟಿಯ ಕಡೆ ತೋರಿಸಿದೆ, ಅಷ್ಟೆ.

ಸದಾಶಿವ ಸಾರ್ ಗೋಡೆಯ ಪ್ಲಗ್ ಕಿತ್ತರು. ಏನೂ ಆಗಲಿಲ್ಲ. ಯುಪಿಎಸ್ ಬ್ಯಾಟರಿ ಪೀಂ ಪೀಂ ಎನ್ನುತ್ತಾ ಡಬ್ಬವನ್ನು ನಡೆಸುತ್ತಲೇ ಇತ್ತು. ಕರೆಂಟ್ ಹೋದರೆ ಬಿಲ್ ಹಾಳಾಗಬಾರದೆಂದು ಅವರೇ ಕೇಳಿ ಹಾಕಿಸಿಕೊಂಡ ಬ್ಯಾಟರಿ. ಅವರು ಕೆಳಗೆ ಬಗ್ಗಿ ಡಬ್ಬವನ್ನೇ ಎರಡು ಕೈಯಲ್ಲಿ ಹಿಡಿದರು.

'ಹಂಗೆ ಆಫ್ ಮಾಡ್ಬೇಡಿ ಸಾರ್, ಡಿಸ್ಕ್ ಹಾಳಾಗುತ್ತೆ,' ಅಂದರು ಗಿರೀಶ್ ಸಾರ್.

ಆ ಮಾತು ಅವರ ಬಾಯಿಂದ ಹೇಗೆ ಬಂತೋ ಅವರಿಗೇ ಗೊತ್ತಿಲ್ಲ. ಅಂದವರೇ ಕೈಯನ್ನು ಬಾಯಿಗೆ ಒತ್ತಿಕೊಂಡರು. ಡಿಸ್ಕಿನಲ್ಲಿ ಸದಾಶಿವ ಸಾರ್ ಮಾಡಿದ ಬಿಲ್‌ಗಳೂ ಅಷ್ಟೂ ಇದ್ದವು. ಅವರು ತಲೆಯೆತ್ತಿ ನೋಡಲೂ ಇಲ್ಲ. ಬೇರು ಸಹಿತ ಬಾಳೆಗಿಡ ಕಿತ್ತಂತೆ ಡಬ್ಬವನ್ನು ಎತ್ತಿ ಎಳೆದರು. ವಯರುಗಳೆಲ್ಲ ಬಿಟ್ಟುಕೊಂಡು ಬಂದವು. ಪರದೆ ಮಕಾಡೆ ಬಿತ್ತು. ಶೆಡ್ಡಿನಲ್ಲಿ ಫ್ಯಾನಿನ ಮೊರೆತ ಇಳಿಯಿತು. ಮ್ಯಾಗ್ನೆಟ್ ಬಿಟ್ಟ ಸದ್ದು ಅಲ್ಲಿಯತನಕ ಕೇಳಿಸಿತು.

ನಾವು ಹೋಗುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತ್ತು. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮುರುಗೇಶಣ್ಣ ಹೊಸಿಲಲ್ಲಿ ಕೂತಿದ್ದ. ಮೈ ತುಂಬ ನೀಲಿ ಪುಡಿ, ಬೆವರಿಗೆ ಮೆತ್ತಿಕೊಂಡಿತ್ತು. ಕಂಬಿಗೆ ಊರಿದ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಉಸಿರು ಸಿಗದೆ ಬಾಯಿ ಕಳೆದು, ಹೊರಗಿನ ಬಿಸಿಲು ನೋಡಿದ, ನಮ್ಮನ್ನು ನೋಡಿದ. ಆಮೇಲೆ ತುಂಬ ಸಂಕೋಚದಿಂದ ಕೇಳಿದ:

'ಆರು ಗಂಟೆ ಆಗೋಯ್ತಾ ಸಾರ್? ನಾನು ಒಳಗೇ ಮಲಗ್ಬಿಟ್ನಾ?'

ಭಟ್ಟಿ ಹೊತ್ತಿದೆ ಅಂದರೆ ಆರಾಗಿರಲೇಬೇಕು. ತಪ್ಪಿದ್ದರೆ ಅದು ತನ್ನದೇ ಇರಬೇಕು. ಅವನು ಆ ಕತ್ತಲೆಯಲ್ಲಿ ಬಾಗಿಲು ಬಡಿಯುತ್ತಾ ನಂಬಿಕೊಂಡದ್ದು ಅದನ್ನು. ಮಾಲೀಕರ ಕಾರು ಗೇಟಿನೊಳಗೆ ಬಂತು. ಯಾರು ಗಡಿಯಾರ ಕೆಡಿಸಿದ್ದು ಎಂದು ತೀರ್ಪು ಕೊಡಲು ಬಂದವರು, ಅದೇ ಕಾರಿನಲ್ಲಿ ಮುರುಗೇಶಣ್ಣನನ್ನು ಭದ್ರಾವತಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಸದಾಶಿವ ಸಾರ್, ಇನ್ನೊಂದು ಬದಿಗೆ ಗಿರೀಶ್ ಸಾರ್. ನಾನು ಅವನ ಚಪ್ಪಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಅವನು ಬದುಕಿದ. ಕೈ ವಾಸಿಯಾಯಿತು, ಬೆರಳು ಮಡಚಲು ಸ್ವಲ್ಪ ಕಷ್ಟ ಉಳಿಯಿತು. ನನಗೆ ಮಾತ್ರ ಆಮೇಲೆ ಕೆಲಸ ಮಾಡುವುದು ಕಷ್ಟವಾಯಿತು. ಯಾರ ಮನೆಗೆ ಹೋದರೂ ಮೊದಲು ಪರದೆಯ ಮೂಲೆ ನೋಡುತ್ತಿದ್ದೆ. ಸಮಯ ಸರಿಯಿದ್ದರೂ ಕೈಗಡಿಯಾರದ ಜೊತೆ ತಾಳೆ ನೋಡುತ್ತಿದ್ದೆ. ಇದಕ್ಕೆ ಇನ್ನೇನು ಕಟ್ಟಿದ್ದಾರೋ, ಯಾವ ಬಾಗಿಲು ಎಲ್ಲಿ ಮುಚ್ಚಿಕೊಳ್ಳುತ್ತದೋ ಎಂದು ಯಾವ ಗುಂಡಿ ಒತ್ತಲೂ ಬೆರಳು ಹಿಂದೆ ಸರಿಯುತ್ತಿತ್ತು. ಸರ್ವಿಸಿನವನ ಬೆರಳು ಹಿಂದೆ ಸರಿದರೆ ಅವನು ಮನೆಗೆ ಹೋಗುವುದು ಒಳ್ಳೆಯದು. ಬಸವರಾಜಪ್ಪನವರಿಗೆ ಹಾಗೇ ಹೇಳಿದೆ. ಹೋಗುವ ಮೊದಲು ಆ ಕಾರ್ಖಾನೆಯ ಕೆಲಸ ಒಂದು ಮುಗಿಸಿಕೊಡು ಎಂದರು.

ಮಾಲೀಕರು ಕೊನೆಗೂ ಎರಡು ಹೊಸ ಕಂಪ್ಯೂಟರ್ ತರಿಸಿದ್ದರು. ಎರಡನ್ನೂ ಕೂರಿಸಿದೆ. ಭಟ್ಟಿಯ ಬಾಗಿಲ ಮ್ಯಾಗ್ನೆಟ್ಟನ್ನು ಗಿರೀಶ್ ಸಾರ್ ತಮ್ಮ ಕೈಯಾರೆ ಬಿಚ್ಚಿ ಹಾಕಿದ್ದರು. ಒಳಗಡೆಯೂ ಒಂದು ಚಿಲಕ, ಕೆಂಪು ಬಣ್ಣದ ಆಫ್ ಸ್ವಿಚ್ ಬಂದಿದ್ದವು. ಮುರುಗೇಶಣ್ಣ ಅವತ್ತೇ ಕೆಲಸಕ್ಕೆ ಮರಳಿದ್ದ. ಊಟದ ಗಂಟೆ ಹೊಡೆದ ಮೇಲೆ ಪೊರಕೆ ಹಿಡಿದು ಭಟ್ಟಿಯ ಮುಂದೆ ಹೋಗಿ ನಿಂತ. ನಿಂತೇ ಇದ್ದ.

ಗಿರೀಶ್ ಸಾರ್ ಹೋಗಿ ಚಿಲಕ ತೋರಿಸಿದರು, ಸ್ವಿಚ್ ತೋರಿಸಿದರು, ಈಗ ಏನೂ ಆಗುವುದಿಲ್ಲವೆಂದು ತುಂಬ ಹೊತ್ತು ವಿವರಿಸಿದರು. ಸದಾಶಿವ ಸಾರ್ ಹೋಗಿ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಮುರುಗೇಶಣ್ಣ ಇಬ್ಬರ ಮಾತನ್ನೂ ತಲೆ ತಗ್ಗಿಸಿ ಕೇಳಿದ.

'ನೀವಿಬ್ರೂ ಹೇಳೋದು ಸರೀನೇ ಸಾರ್,' ಅಂದ. 'ಒಬ್ರು ನನ್ ಜೊತೆ ಒಳಗೆ ಬನ್ನಿ. ಒಬ್ರು ಆ ಕಂಪ್ಯೂಟರ್ ಹತ್ರ ಕೂತ್ಕೊಳ್ಳಿ. ಯಾರು ಎಲ್ಲಿ ಅಂತ ನೀವೇ ಮಾತಾಡ್ಕೊಳಿ.'

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವುದೂ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ಗಡಿಯಾರ ಕೆಡಿಸುವವನು ಎಂದು ನಂಬಿದವನ ಕೈಗೆ ಭಟ್ಟಿಯ ಕಂಪ್ಯೂಟರ್ ಕೊಟ್ಟು ಒಳಗೆ ಹೋಗಬೇಕು. ಗಿರೀಶ್ ಸಾರ್ ಶೂ ಬಿಚ್ಚಿದರು. ತಮ್ಮ ಪಾಸ್‌ವರ್ಡನ್ನು ಸದಾಶಿವ ಸಾರ್ ಕಿವಿಯಲ್ಲಿ ಹೇಳಿದರು. ಉದ್ದವಾದದ್ದು, ಎರಡು ಸಲ ಹೇಳಬೇಕಾಯಿತು. ಆಮೇಲೆ ಮುರುಗೇಶಣ್ಣನ ಹಿಂದೆ ಒಳಗೆ ಹೋದರು. ಬಾಗಿಲು ಎಳೆದುಕೊಂಡರು.

ನಾನು ಆಫೀಸಿಗೆ ಬಂದೆ. ಸದಾಶಿವ ಸಾರ್ ಪೆಂಗ್ವಿನ್ ಪಕ್ಷದ ಕಂಪ್ಯೂಟರಿನ ಮುಂದೆ, ಜೀವನದಲ್ಲಿ ಮೊದಲ ಬಾರಿಗೆ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎರಡೂ ಕೈ ಭುಜದ ಮೇಲಕ್ಕೆ ಎತ್ತಿ ಹಿಡಿದಿದ್ದರು, ಪೊಲೀಸರಿಗೆ ಸಿಕ್ಕಿದವನಂತೆ.

ಭಟ್ಟಿಯೊಳಗಿನಿಂದ ಗಿರೀಶ್ ಸಾರ್ ದನಿ ಬಂತು. 'ಸದಾಶಿವಣ್ಣ, ಅಲ್ಲೇ ಇದೀರಾ?'

'ಇದೀನಿ ಮಾರಾಯ. ಏನೂ ಮುಟ್ಟಿಲ್ಲ.'

ಮತ್ತೆ ಅದೇ ಪ್ರಶ್ನೆ ಬಂತು, ಮತ್ತೆ ಅದೇ ಉತ್ತರ ಹೋಯಿತು. ಮೂರನೆಯ ಸಲ ಕೇಳಿದ ಮೇಲೆ ಒಳಗಿನಿಂದ ಪೊರಕೆಯ ಸದ್ದು ಶುರುವಾಯಿತು.

'ನಾಗು, ಕಣ್ಣಿಗೆ ಬೆವರು ಇಳೀತಿದೆ. ಸ್ವಲ್ಪ ಒರೆಸೋ,' ಅಂದರು ಸದಾಶಿವ ಸಾರ್.

ಕೈ ಇಳಿಸಿ ನೀವೇ ಒರೆಸಿಕೊಳ್ಳಿ ಎನ್ನಬಹುದಿತ್ತು. ಅನ್ನಲಿಲ್ಲ. ಕರ್ಚೀಫು ತೆಗೆದು ಅವರ ಹಣೆ, ರೆಪ್ಪೆ, ಮೂಗಿನ ತುದಿ ಒರೆಸಿದೆ. ವಿಭೂತಿ ಅಳಿಸಿಹೋಯಿತು. ಅವರ ಕಣ್ಣು ಪರದೆಯ ಮೂಲೆಯನ್ನು ಬಿಟ್ಟು ಕದಲಲಿಲ್ಲ.